ಗೌರವದ ಗುಂಡಿ

ದರ್ಜಿ ಅಕ್ಕನ ಕತ್ತರಿ ಕೋಟಿನ ಬೆನ್ನನ್ನು ಅಂಚಿನಿಂದ ಕಾಲರಿನವರೆಗೆ ಒಂದೇ ಉಸಿರಿಗೆ ಸೀಳಿಕೊಂಡು ಹೋಯಿತು.

"ಅಯ್ಯೋ ಅಕ್ಕಾ! ಹೊಸ ಕೋಟು ಅದು!" ಎಂದು ಅವಳ ತಮ್ಮನ ಹೆಂಡತಿ ಚೀರಿದಳು.

"ಸತ್ತವರಿಗೆ ಕೋಟು ಹಾಕೋದು ಹೀಗೇ. ಬೆನ್ನು ಸೀಳಿ, ಮುಂದಿನಿಂದ ತೋಳು ತೂರಿಸಿ, ಅಂಚನ್ನ ಕೆಳಗೆ ಮಡಚಿಬಿಡೋದು. ಬಂದವರಿಗೆ ಮುಂದುಗಡೆ ಚೆನ್ನಾಗಿ ಕಂಡ್ರೆ ಸಾಕಲ್ಲ? ಸೀಳೋದು ಬೇಡ ಅಂದ್ರೆ ಅವನ ಕೈ ಮುರೀಬೇಕು. ಮುರೀಲಾ?"

ಹೆಂಡತಿ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಅಳುವುದಕ್ಕೂ ಇವಳಿಗೆ ಒಂದು ಆಸರೆ ಬೇಕು, ಎಂದುಕೊಂಡಳು ದರ್ಜಿ ಅಕ್ಕ. ಅರವತ್ತೆಂಟು ವರ್ಷದ ಈ ಹೆಂಗಸನ್ನು ಊರೆಲ್ಲ ಹಾಗೇ ಕರೆಯುತ್ತಿತ್ತು. ಅವಳ ನಾಲಿಗೆ ಅವಳ ಕತ್ತರಿಗಿಂತ ಹರಿತ ಎಂದೂ ಹೇಳಿಕೊಳ್ಳುತ್ತಿತ್ತು, ಆದರೆ ಅವಳ ಎದುರಿಗಲ್ಲ.

ಕೋಟು ನೀರಿನ ಆಫೀಸಿನಿಂದ ಬಂದದ್ದು. ಹಿತ್ತಾಳೆ ಗುಂಡಿ, ಜೇಬಿನ ಮೇಲೆ ಆಫೀಸಿನ ಮುದ್ರೆ, ಅಳತೆ ಮಾತ್ರ ಎರಡು ನಂಬರು ದೊಡ್ಡದು. ಮೂವತ್ತೊಂದು ವರ್ಷ ಅಲ್ಲಿ ದುಡಿದವನ ಎದೆ ಸುತ್ತಳತೆ ಆ ಆಫೀಸಿನಲ್ಲಿ ಒಂದು ಪ್ರಾಣಿಗೂ ಗೊತ್ತಿರಲಿಲ್ಲ. ಪ್ರತಿ ಸೋಮವಾರ ಊರಿನ ಇಪ್ಪತ್ತಾರು ಬಾವಿಗಳಿಗೆ ಉಕ್ಕಿನ ಟೇಪು ಇಳಿಬಿಟ್ಟು, ತುದಿಗೆ ಉಜ್ಜಿದ ಸೀಮೆಸುಣ್ಣ ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ನೋಡಿ, ನೀರು ಎಷ್ಟು ಆಳದಲ್ಲಿದೆ ಎಂದು ಬರೆದುಕೊಂಡು ಬರುವುದೇ ಅವನ ಕೆಲಸ. ಅದಕ್ಕೇ ಅವನ ಹೆಸರು ಟೇಪು. ಸಂಬಳದ ಚೀಟಿಯ ಮೇಲೆ ಬೇರೆ ಹೆಸರಿದ್ದಿರಬೇಕು, ಆದರೆ ಅದನ್ನು ಓದಿದವರು ಕಡಿಮೆ.

ದರ್ಜಿ ಅಕ್ಕ ಅವನ ಎರಡೂ ಬಗಲಲ್ಲಿ ಬಟ್ಟೆ ಹಿಡಿದು ಸೂಜಿ ಹಾಕತೊಡಗಿದಳು. ತಮ್ಮನೆಂದರೆ ಅವಳಿಗೆ ಪ್ರಾಣ ಗೀಣ ಎಂದೆಲ್ಲ ಹೇಳಿದರೆ ಸುಳ್ಳಾದೀತು. ಬೈದರೆ ನಗುವ, ತಳ್ಳಿದರೆ ಸರಿದು ನಿಲ್ಲುವ ಗಂಡಸನ್ನು ಕಂಡರೆ ಅವಳಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಅವನು ಅಂಥವನೇ ಆಗಿದ್ದ.

ಹೊರಗೆ ಚಪ್ಪಲಿ ಸದ್ದಾಯಿತು. ಆಫೀಸಿನ ಗುಮಾಸ್ತ ಬಾಗಿಲಲ್ಲಿ ಇಣುಕಿದ. ಸಾವಿನ ಮನೆಗೆ ಬರುವಾಗಲೂ ಕಂಕುಳಲ್ಲಿ ಫೈಲು ಇಟ್ಟುಕೊಂಡು ಬಂದ ಮಹಾನುಭಾವ.

"ದೊಡ್ಡ ಸಾಹೇಬ್ರು ಹೇಳಿ ಕಳಿಸಿದ್ದಾರೆ. ಜಾಗ ನಿಶ್ಚಯ ಆಯ್ತು. ಗುಡ್ಡದ ಮೇಲೆ ಸ್ಮಶಾನಕ್ಕೆ ಹೊಸ ಜಾಗ ಸೇರಿಸೋಕೆ ನಾವೇ ಒಪ್ಪಿಗೆ ಕೊಟ್ವಲ್ಲ, ಅಲ್ಲಿ ಮೊದಲನೇ ಗುಂಡಿ ನಮ್ಮವರದ್ದೇ! ಗೌರವದ ಜಾಗ. ಹೆಸರಿನ ಕಲ್ಲು ಕೂಡ ಆಫೀಸಿಂದಲೇ."

ಸೂಜಿ ನಿಂತಿತು. "ಎಲ್ಲಿ ಅಂದ್ರಿ?"

"ಮೇಲೆ, ಅಮ್ಮಾ. ಹೊಸ ಜಾಗದಲ್ಲಿ."

"ಬೇಡ ಬೇಡ ಅಂತ ಅವನು ಬಡ್ಕೊಂಡ ಜಾಗದಲ್ಲೇ ಅವನನ್ನ ಹೂಳ್ತೀರಾ?"

"ಅಯ್ಯೋ, ಅದೆಲ್ಲ ಹಳೇ ಮಾತು ಬಿಡಿ. ಕೆಳಬೀದಿ ಜನ ಅದನ್ನೇ ಹಿಡ್ಕೊಂಡು ಇನ್ನೂ ಅರ್ಜಿ ಮೇಲೆ ಅರ್ಜಿ ಹಾಕ್ತಿದ್ದಾರೆ. ಈಗ ಸ್ವತಃ ಅವರೇ ಅಲ್ಲಿ ಮಲಗಿಬಿಟ್ರೆ ಎಲ್ಲರ ಬಾಯೂ ಮುಚ್ಚತ್ತೆ ಅಂತ ಸಾಹೇಬ್ರು..." ಗುಮಾಸ್ತ ನಾಲಿಗೆ ಕಚ್ಚಿಕೊಂಡ. "ಅಂದ್ರೆ, ಎಲ್ಲರಿಗೂ ಒಂದು ಸಮಾಧಾನ ಆಗತ್ತೆ ಅಂತ."

"ಸಮಾಧಾನ! ಥೂ!" ಎಂದಳು ದರ್ಜಿ ಅಕ್ಕ. ಗುಮಾಸ್ತ ಫೈಲನ್ನು ಎದೆಗೆ ಅವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು, ಒಂಬತ್ತು ಗಂಟೆಗೆ ಗಾಡಿ ಬರುತ್ತದೆ ಎಂದು ಹೇಳಿ ಮಾಯವಾದ.

ಅವಳು ತಮ್ಮನ ಹೆಂಡತಿಯ ಕಡೆ ತಿರುಗಿದಳು. "ಕೇಳಿಸ್ತಾ? ಆಸ್ಪತ್ರೆಯಲ್ಲಿ ನನ್ನ ಕೈ ಹಿಡ್ಕೊಂಡು ಹೇಳಿದ್ದ ಅವನು. ಅಕ್ಕಾ, ನನ್ನ ಮೇಲೆ ಹಾಕಬೇಡಿ, ಕೆಳಗೆ ಗೋಡೆ ಪಕ್ಕ ಕೆಂಪು ಮಣ್ಣಲ್ಲಿ ಹಾಕಿ ಅಂತ. ನೀನು ಹೋಗಿ ಆಗಲ್ಲ ಅಂತ ಹೇಳು. ಹೆಂಡತಿ ಮಾತಿಗೆ ಬೆಲೆ ಇರತ್ತೆ."

"ನನಗೂ ಹೇಳಿದ್ರು," ಎಂದಳು ಹೆಂಡತಿ, ಗೋಡೆ ಬಿಟ್ಟು ತಿರುಗದೆ. "ಆ ಗೋಡೆ ಪಕ್ಕ ಯಾರನ್ನ ಹೂಳ್ತಾರೆ ಗೊತ್ತಲ್ಲ ಅಕ್ಕ? ಹೇಳೋರು ಕೇಳೋರು ಇಲ್ಲದ ಹೆಣಗಳನ್ನ. ಜೀವಮಾನ ಎಲ್ಲ ಹಿಂದೆ ನಿಂತ್ರು ಅವರು. ಒಂದೇ ಒಂದು ಸಲ ಮುಂದೆ ಬರಲಿ ಅಂತ ನನಗೆ ಆಸೆ ಇರಬಾರದಾ?"

"ಹೆಣವಾಗಿ ಮುಂದೆ ಬರೋದಾ? ಆ ಸಾಹೇಬನ ಸಾಕ್ಷಿಯಾಗಿ?"

ಹೆಂಡತಿ ಈಗ ತಿರುಗಿದಳು. ಅತ್ತು ಕೆಂಪಾದ ಕಣ್ಣಿನಲ್ಲಿ ಮೊದಲ ಬಾರಿಗೆ ಸಿಟ್ಟು ಕಂಡಿತು. "ಆವತ್ತು ಸಭೆಯಲ್ಲಿ ನೀವೂ ನಕ್ಕಿದ್ರಿ ಅಕ್ಕ. ನಾನು ನಿಮ್ಮ ಹಿಂದಿನ ಸಾಲಲ್ಲೇ ಕೂತಿದ್ದೆ."

ದರ್ಜಿ ಅಕ್ಕನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಮತ್ತೆ ಬಗ್ಗಿ ತಮ್ಮನ ಬಗಲಿಗೆ ಹೊಲಿಗೆ ಹಾಕಿದಳು.

*

ಎರಡು ವರ್ಷದ ಹಿಂದೆ, ಆ ಸಭೆಯ ಹಿಂದಿನ ದಿನ, ಅವನು ಅವಳ ಅಂಗಡಿಗೆ ಬಂದಿದ್ದ. ಮಾರನೆಯ ದಿನ ಊರಿನವರ ಮುಂದೆ ಮಾತಾಡಬೇಕಿತ್ತು, ಅಕ್ಕನ ಮುಂದೆ ಒಂದು ಸಲ ಹೇಳಿ ನೋಡಿಕೊಳ್ಳುವ ಬಯಕೆ. ಅವಳೋ ಶಾಲೆ ಮಕ್ಕಳ ಸಮವಸ್ತ್ರದ ರಾಶಿಯ ನಡುವೆ ಮುಳುಗಿದ್ದಳು.

"ಬೇಗ ಹೇಳು, ಕೆಲಸ ಇದೆ."

ಅವನು ಕೋಟಿನ ಭುಜಕ್ಕೆ ಇಡುವ ಹತ್ತಿಯ ಒಂದು ದಪ್ಪ ಹಿಡಿಯನ್ನು ಎತ್ತಿಕೊಂಡು, ಅವಳ ತೂತು ಬಿದ್ದ ಹಳೆಯ ಗುಂಡಿ ಡಬ್ಬಿಯ ಮೇಲೆ ಇಟ್ಟ. ಅವಳು ಹಾಂ ಹಾಂ ಎನ್ನುವುದರೊಳಗೆ ಲೋಟದ ನೀರನ್ನು ಅದರ ಮೇಲೆ ಸುರಿದೂ ಬಿಟ್ಟ.

"ನೋಡು. ಈ ಹತ್ತಿ ಅಂದ್ರೆ ಮಣ್ಣು. ನೀರು ಹಿಡ್ಕೊಳ್ತು ನೋಡು, ಒಂದು ತೊಟ್ಟು ಕೆಳಗೆ ಬಿಡಲ್ಲ. ಹೊಟ್ಟೆ ತುಂಬಿದ ಮೇಲೆ ತೊಟ್ಟು ತೊಟ್ಟಾಗಿ ಬಿಡತ್ತೆ. ಹಾಗೆ ನಿಧಾನ ಬಿಡ್ತಾ ಬಿಡ್ತಾ ಕೊಳೆ ಎಲ್ಲ ತನ್ನಲ್ಲೇ ಇಟ್ಕೊಳ್ಳತ್ತೆ. ಕೆಳಗಿನ ಡಬ್ಬಿ ಅಂದ್ರೆ ಸುಣ್ಣಕಲ್ಲು."

"ಕಲ್ಲಿಗೆ ಎಲ್ಲಿಂದ ಬಂತೋ ತೂತು?"

"ಮಳೆನೀರೇ ಮಾಡತ್ತೆ ಅಕ್ಕ. ಮಣ್ಣೊಳಗೆ ಬೇರು, ಎಲೆ ಎಲ್ಲ ಕೊಳೀತಿರತ್ತಲ್ಲ, ಅದರ ಮಧ್ಯೆ ಇಳಿದು ಬರೋ ನೀರು ಒಂಚೂರು ಹುಳಿ ಆಗಿರತ್ತೆ. ಆ ಹುಳಿಗೆ ಸುಣ್ಣಕಲ್ಲು ಕರಗತ್ತೆ. ಕೂದಲಷ್ಟಿದ್ದ ಬಿರುಕು ಬೆರಳಷ್ಟಾಗತ್ತೆ, ಬೆರಳಷ್ಟಿದ್ದದ್ದು ತೋಳಷ್ಟು. ಆ ಬಿರುಕಲ್ಲಿ ಮಣ್ಣು ತುಂಬಿದ್ರೆ ನೀರು ಅಲ್ಲೇ ತಿಂಗಳುಗಟ್ಟಲೆ ಕೂತು ನಿಧಾನ ಇಳಿಯತ್ತೆ. ಬೇಸಿಗೆಯಲ್ಲೂ ಒರತೆ ಬತ್ತದೆ ಇರೋದು ಅದಕ್ಕೇ. ಆದರೆ ಮಣ್ಣು ಕೊಚ್ಚಿ ಹೋಗಿರೋ ಬಿರುಕಿದೆ ನೋಡು, ಅದು ಬರೀ ಕೊಳವೆ. ಮೇಲೆ ಹಾಕಿದ್ದು ಹಾಗೇ ಕೆಳಗೆ." ಅವನು ಹತ್ತಿಯನ್ನು ಪಕ್ಕಕ್ಕೆ ತಳ್ಳಿ ಡಬ್ಬಿಯ ಮೇಲೆ ಮತ್ತಷ್ಟು ನೀರು ಸುರಿದ. ಅದು ನೇರವಾಗಿ ಒಂದು ಹುಡುಗಿಯ ನೀಲಿ ಲಂಗದ ಮೇಲೆ ಬಿತ್ತು.

"ಎಲಾ ಮುಟ್ಠಾಳ! ಇಸ್ತ್ರಿ ಮಾಡಿಟ್ಟಿದ್ದೆ ಕಣೋ!"

"ಗುಡ್ಡದ ಮೇಲೆ ಮಣ್ಣು ಒಂದು ಮೊಳ ಇಲ್ಲ ಅಕ್ಕ," ಎಂದ ಅವನು, ಲಂಗವನ್ನು ತನ್ನ ಕರವಸ್ತ್ರದಿಂದ ಒರೆಸುತ್ತ. "ಅಲ್ಲಿ ಹೆಣ ಹೂಳೋದೂ ಒಂದೇ, ಒರತೆ ಬಾಯಲ್ಲಿ ಹೂಳೋದೂ ಒಂದೇ. ಕೆಳಬೀದಿಯ ಇನ್ನೂರು ಮನೆ ಆ ನೀರೇ ಕುಡಿಯತ್ತೆ."

ಮಾರನೆಯ ದಿನ ಸಭೆಯಲ್ಲಿ ಅವನು ಎದ್ದು ನಿಂತ. ಧ್ವನಿ ನಡುಗುತ್ತಿತ್ತು. ಗುಡ್ಡದ ಮೇಲಿನ ಒಂದು ತಗ್ಗಿಗೆ ಎರಡು ಮೂಟೆ ಉಪ್ಪು ಕರಗಿಸಿ ಸುರಿದೆ, ಮೂರು ಗಂಟೆಯಲ್ಲಿ ಒರತೆಯ ನೀರು ಉಪ್ಪಾಯಿತು ಎಂದು ಹೇಳಿದ. ಮುಂದೆ ಹೇಳುವುದಕ್ಕೆ ಕಾಗದ ತಿರುವುತ್ತಿದ್ದ, ಅಷ್ಟರಲ್ಲಿ ದೊಡ್ಡ ಸಾಹೇಬರು ಮೈಕಿನತ್ತ ಬಾಗಿದರು.

"ಅಂದ್ರೆ ಕಲ್ಲೊಳಗೆ ನೀರು ಓಡತ್ತೆ ಅಂತೀರಿ? ಸಂತೋಷ. ಹಾಗಿದ್ರೆ ಕೆಳಬೀದಿಯವರಿಗೆ ಅಡುಗೆಗೆ ಉಪ್ಪು ಹಾಕೋ ಕೆಲಸ ತಪ್ಪಿತಲ್ಲ!"

ಇಡೀ ಸಭಾಂಗಣ ಬಿದ್ದು ಬಿದ್ದು ನಕ್ಕಿತು. ದರ್ಜಿ ಅಕ್ಕನೂ ನಕ್ಕಳು. ಮಾತು ಅಷ್ಟು ತಮಾಷೆಯಾಗಿತ್ತು, ತಮ್ಮ ಕಾಗದ ಹಿಡಿದು ನಿಂತ ಭಂಗಿ ಅಷ್ಟು ಪೆಚ್ಚಾಗಿತ್ತು. ಅವನೂ ಒಂದು ಸಲ ನಕ್ಕ ಹಾಗೆ ಮಾಡಿ, ಕನ್ನಡಕ ಒರೆಸಿಕೊಂಡು ಕುಳಿತುಬಿಟ್ಟ.

ಆಮೇಲೆ ಸಾಹೇಬರೂ ಒಂದು ಪರೀಕ್ಷೆ ಮಾಡಿಸಿದರು. ಎಡೆಬಿಡದೆ ಮಳೆ ಸುರಿದ ತಿಂಗಳ ಕೊನೆಯಲ್ಲಿ ಗುಡ್ಡದ ಮೇಲೆ ಗುಂಡಿ ತೋಡಿಸಿ ನೀರು ತುಂಬಿಸಿದರು. ನೀರು ಎರಡು ದಿನ ನಿಂತಿತು. ನೆಲ ಗಟ್ಟಿ ಎಂದು ಷರಾ ಬರೆದರು. ಕೆಳಗಿನ ಬಿರುಕೆಲ್ಲ ಆಗಲೇ ನೀರು ತುಂಬಿ ಕಂಠಮಟ್ಟ ನಿಂತಿರುವಾಗ ಮೇಲಿನದು ಹೋಗುವುದಾದರೂ ಎಲ್ಲಿಗೆ? "ಉಂಡು ಎದ್ದವನ ಮುಂದೆ ಎಲೆ ಹಾಕಿ, ಇವನಿಗೆ ಹಸಿವೇ ಆಗಲ್ಲ ಅಂದ ಹಾಗಾಯ್ತು ಅಕ್ಕ," ಎಂದಿದ್ದ ತಮ್ಮ. ಅದನ್ನಾದರೂ ಸಾಹೇಬನ ಮುಖಕ್ಕೆ ಹೇಳಬಾರದೇನೋ ಎಂದು ಅವಳು ರೇಗಿದಳು. ಅವನು ಮಾಮೂಲಿನಂತೆ ನಕ್ಕು, ಟೇಪು ಹೆಗಲಿಗೇರಿಸಿಕೊಂಡು ಹೊರಟುಹೋದ.

*

ಗಾಡಿ ಗುಡ್ಡ ಹತ್ತಿತು. ಉರಿಬೇಸಿಗೆ. ಒಂಬತ್ತೂವರೆಗೇ ನೆತ್ತಿ ಸುಡುತ್ತಿತ್ತು.

ಸ್ಮಶಾನದ ಗೇಟು ಕೆಳಗಿನ ಗೋಡೆಯಲ್ಲಿತ್ತು. ಗೋಡೆಗುಂಟ ಕೆಂಪು ಮಣ್ಣಿನ ಸಮತಟ್ಟು ನೆಲ, ಅಲ್ಲೊಂದು ಇಲ್ಲೊಂದು ಹೆಸರಿಲ್ಲದ ಗುಡ್ಡೆ. ಅದನ್ನು ದಾಟಿ, ಹಳೆಯ ಗೋರಿಗಳನ್ನೂ ದಾಟಿ, ಮೇಲೆ ಹೊಸ ಬೇಲಿಯೊಳಗಿನ ಬೋಳು ನೆಲಕ್ಕೆ ಶವದ ಪೆಟ್ಟಿಗೆಯನ್ನು ಹೊತ್ತೊಯ್ದರು. ಅಲ್ಲಿ ಸಾಲಾಗಿ ಕುರ್ಚಿ, ಮೈಕು, ಅರವತ್ತು ಎಪ್ಪತ್ತು ಜನ. ಬದುಕಿದ್ದಾಗ ಟೇಪುವಿಗೆ ಒಂದು ಕುರ್ಚಿ ತೋರಿಸದವರೆಲ್ಲ ಈಗ ಅವನ ಹೆಸರಿನಲ್ಲಿ ಕುರ್ಚಿ ಹಿಡಿದು ಕುಳಿತಿದ್ದರು. ದೊಡ್ಡ ಸಾಹೇಬರು ಕಪ್ಪು ಟೈ ಕಟ್ಟಿಕೊಂಡು, ಭಾಷಣದ ಕಾಗದದಿಂದ ಗಾಳಿ ಹಾಕಿಕೊಳ್ಳುತ್ತಿದ್ದರು.

ಗುಂಡಿ ತೋಡುವವನನ್ನು ಎಲ್ಲರೂ ಗುದ್ದಲಿ ಎಂದೇ ಕರೆಯುತ್ತಿದ್ದರು. ಅವನಿನ್ನೂ ಗುಂಡಿಯೊಳಗೇ ಇದ್ದ, ಸೊಂಟದ ಮೇಲಿನ ಭಾಗವೆಲ್ಲ ಹೊರಗೆ ಕಾಣುತ್ತಿತ್ತು.

"ಇನ್ನೂ ಆಗಿಲ್ವೇನೋ?" ಎಂದರು ಸಾಹೇಬರು.

"ಎಲ್ಲಿ ಆಗತ್ತೆ ಸ್ವಾಮಿ! ಒಂದು ಮೊಳ ಮಣ್ಣು, ಆಮೇಲೆ ಬರೀ ಕಲ್ಲಿನ ಹಲ್ಲು. ಇಡೀ ಹಲ್ಲುಸಾಲು. ನಡುವೆ ಸಂದಿ ಬೇರೆ. ಬೆಳಿಗ್ಗೆ ನನ್ನ ಉಳಿ ಜಾರಿ ಒಳಗೆ ಬಿತ್ತು, ಬಿದ್ದ ಸದ್ದೇ ಕೇಳಿಸಲಿಲ್ಲ."

ದರ್ಜಿ ಅಕ್ಕ ಗುಂಡಿಯ ಅಂಚಿಗೆ ಹೋಗಿ ನಿಂತಳು. ಬಿಳಿಚಿದ ಕಲ್ಲುಗಳ ನಡುವೆ ಕೈ ಹಿಡಿಸುವಷ್ಟು ಕಪ್ಪು ಸಂದಿ. ಅದರೊಳಗಿಂದ ತಣ್ಣನೆ ಗಾಳಿ ಅವಳ ಕಾಲಿಗೆ ಸೋಕಿತು.

"ಇಲ್ಲಿ ನನ್ನ ತಮ್ಮನ್ನ ಹೂಳಲ್ಲ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಕೆಳಗೆ ಗೋಡೆ ಪಕ್ಕ ಮಣ್ಣಿದೆ. ಅಲ್ಲೇ ಅಂತ ಅವನೇ ಹೇಳಿ ಹೋಗಿದ್ದಾನೆ."

ಕುರ್ಚಿಗಳು ಕಿರ್ರೆಂದವು. ಸಾಹೇಬರು ಸಣ್ಣ ಮಕ್ಕಳಿಗೆ ತೋರಿಸುವ ನಗೆ ತೋರಿಸಿದರು. "ದುಃಖದಲ್ಲಿದ್ದೀರಿ, ಅರ್ಥ ಆಗತ್ತಮ್ಮ. ಆದರೆ ಈ ನೆಲಾನ ನಾನೇ ನಿಂತು ಪರೀಕ್ಷೆ ಮಾಡಿಸಿದ್ದೀನಿ. ಎರಡು ದಿನ ನೀರು ಅಲ್ಲಾಡದೆ ನಿಂತಿತ್ತು."

"ಹಾಗಾದ್ರೆ ಈಗಲೂ ನಿಲ್ಲಬೇಕಲ್ಲ? ಹಾಕಿ ನೋಡಿ."

"ಈಗ? ಹೆಣ ಮುಂದಿಟ್ಕೊಂಡು?"

"ಅವನಿಗೇನೂ ಅವಸರ ಇಲ್ಲ. ನಿಮಗೆ ಹೆದರಿಕೆ ಇದ್ರೆ ಬೇಡ ಬಿಡಿ."

ಆ ಕೊನೆಯ ಮಾತು ನಾಟಿತು. ಅರವತ್ತು ಎಪ್ಪತ್ತು ಜನರ ಮುಂದೆ ಒಬ್ಬ ದರ್ಜಿ ಹೆಂಗಸು ಹೆದರಿಕೆಯೇ ಎಂದು ಕೇಳಿದರೆ ಯಾವ ದೊಡ್ಡ ಸಾಹೇಬ ಸುಮ್ಮನಿರುತ್ತಾನೆ? ಹೆಸರಿನ ಕಲ್ಲು ಕೂರಿಸಲು ಬಂದ ಗಾರೆಯವರ ಬಳಿ ಒಂದು ಪೀಪಾಯಿ ನೀರಿತ್ತು. ಸಾಹೇಬರು ಕಣ್ಣಲ್ಲೇ ಅಪ್ಪಣೆ ಕೊಟ್ಟರು. ಗುದ್ದಲಿ ಗುಂಡಿಯಿಂದ ಹತ್ತಿ ಬಂದು ಪೀಪಾಯಿಯನ್ನು ಗುಂಡಿಗೆ ಬಗ್ಗಿಸಿದ.

ಗುಂಡಿ ಒಂದು ಸಲ ಗುಟುಕರಿಸಿತು. ಅವನು ಖಾಲಿ ಪೀಪಾಯಿಯನ್ನು ನೆಟ್ಟಗೆ ಮಾಡುವಷ್ಟರಲ್ಲಿ ತಳದ ಕಲ್ಲು ಒದ್ದೆಯಾಗಿ ಹೊಳೆಯುತ್ತಿತ್ತು, ನೀರು ಮಾತ್ರ ಇರಲಿಲ್ಲ.

ಅಲ್ಲಿಗೆ ಮುಗಿಸಿದ್ದರೆ ಸಾಹೇಬರ ಮರ್ಯಾದೆ ಅರ್ಧವಾದರೂ ಉಳಿಯುತ್ತಿತ್ತು. ಆದರೆ ಸೋಲೊಪ್ಪುವ ಅಭ್ಯಾಸವೇ ಇಲ್ಲದವರಿಗೆ ಅದು ಹೊಳೆಯುವುದು ಹೇಗೆ?

"ಬೇಸಿಗೆ ನೆಲ, ಬಾಯಾರಿದೆ," ಎಂದರು. "ಒಂದೆರಡು ಬಿರುಕಿಗೆ ಇಷ್ಟು ಗಾಬರಿಯಾ? ಏಯ್, ಆ ಸಿಮೆಂಟು ತನ್ನಿ. ತೆಳ್ಳಗೆ ಕಲಸಿ ಸುರೀರಿ. ಟ್ಯಾಂಕರಿಗೆ ಫೋನ್ ಮಾಡ್ರೀ ಗುಮಾಸ್ತರೇ. ನೀರು ನಿಲ್ಲೋವರೆಗೂ ನಾನೂ ಇಲ್ಲೇ ನಿಲ್ತೀನಿ."

ಪೆಟ್ಟಿಗೆಯನ್ನು ಇದ್ದ ಒಂದೇ ಮರದ ನೆರಳಿಗೆ ಸರಿಸಿದರು. ಟ್ಯಾಂಕರು ಬಂತು. ಸಿಮೆಂಟಿನ ಒಂದು ಮೂಟೆ ಕದಡಿ ಸುರಿದರು, ಹೋಯಿತು. ಎರಡನೆಯದು, ಹೋಯಿತು. ಗಾರೆಯವರು ಕೈಗೆ ಸಿಕ್ಕ ಕಲ್ಲುಚೂರೆಲ್ಲ ತುಂಬಿದರು, ಅದರ ಮೇಲೆ ಮೂರನೆಯ ಮೂಟೆ, ಅದರ ಮೇಲೆ ಟ್ಯಾಂಕರಿನ ಕೊಳವೆ. ಗುಂಡಿ ಅಷ್ಟನ್ನೂ ನುಂಗಿ ಬಾಯಿ ತೆರೆದೇ ಇತ್ತು. ಕೆಲಸವಿಲ್ಲದ ಮೈಕು ತನ್ನಷ್ಟಕ್ಕೆ ಗುಂಯ್‌ಗುಡುತ್ತಿತ್ತು. ಮೊದಮೊದಲು ಮೆಲ್ಲಗೆ ಮಾತಾಡುತ್ತಿದ್ದ ಜನ ಬರಬರುತ್ತ ಹವಾಮಾನ, ಮಗಳ ಮದುವೆ, ಮಂಡಿನೋವು ಎಂದು ಹರಟತೊಡಗಿದರು. ಒಬ್ಬ ಕುಳಿತಲ್ಲೇ ಗೊರಕೆ ಹೊಡೆದ.

"ಮುಗಿಸೋಣ ಸಾರ್," ಎಂದ ಗುಮಾಸ್ತ ಪಿಸುದನಿಯಲ್ಲಿ. "ಹೇಗೂ ಮಣ್ಣು ಮುಚ್ತೀವಲ್ಲ. ಮುಚ್ಚಿದ ಮೇಲೆ ಯಾರಿಗೆ ಕಾಣತ್ತೆ?"

"ಬಾಯಿ ಮುಚ್ಚಿ. ಇನ್ನೊಂದು ಟ್ಯಾಂಕರ್ ತರಿಸಿ."

ದರ್ಜಿ ಅಕ್ಕ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕುಳಿತಳು. ಪೆಟ್ಟಿಗೆಯ ಆ ಕಡೆ ತಮ್ಮನ ಹೆಂಡತಿ. ಅಲ್ಲಿದ್ದವರೆಲ್ಲರ ಬಗ್ಗೆ ದರ್ಜಿ ಅಕ್ಕನಿಗೆ ಹೇಸಿಗೆ ಉಕ್ಕುತ್ತಿತ್ತು: ಸಾಹೇಬನ ಬಗ್ಗೆ, ಅವನ ಬಾಲದ ಬಗ್ಗೆ, ಗೊರಕೆಯವನ ಬಗ್ಗೆ. ಆದರೆ ಆ ಹೇಸಿಗೆಯನ್ನು ಎಷ್ಟು ಹಂಚಿದರೂ ತನ್ನ ಪಾಲು ತೀರುತ್ತಿರಲಿಲ್ಲ. ಅವತ್ತು ನಕ್ಕವರಲ್ಲಿ ತಮ್ಮ ತಿರುಗಿ ನೋಡಿದ್ದು ಅವಳೊಬ್ಬಳನ್ನೇ.

*

ಒಂದು ಸೋಮವಾರ, ಯಾವುದೋ ಮನೆಗೆ ಬಟ್ಟೆ ಕೊಡಲು ಹೋದಾಗ, ಅಲ್ಲಿನ ಹಿತ್ತಿಲ ಬಾವಿಯ ಹತ್ತಿರ ತಮ್ಮ ಸಿಕ್ಕಿದ್ದ. ಟೇಪನ್ನು ಮೇಲೆಳೆದು, ಸೀಮೆಸುಣ್ಣದ ಒದ್ದೆ ಗೆರೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಮುಖ ಅರಳಿತ್ತು.

"ಏನೋ ಅದು, ಲಾಟರಿ ಹೊಡೆದವನ ಹಾಗೆ?"

"ಮಳೆ ನಿಂತು ಮೂರು ವಾರ ಆಯ್ತಕ್ಕ. ನೀರು ಇನ್ನೂ ಏರ್ತಾನೇ ಇದೆ. ಹೋದ ವಾರಕ್ಕಿಂತ ನಾಲ್ಕು ಬೆರಳು ಮೇಲೆ." ಅವನು ಕಾಲಿನಿಂದ ನೆಲವನ್ನು ಮೆಲ್ಲಗೆ ತಟ್ಟಿದ. "ಹಿಡ್ಕೊಂಡಿದ್ದನ್ನ ಈಗ ಬಿಡ್ತಾ ಇದೆ. ಯಾರೂ ಕೇಳಲ್ಲ, ಯಾರಿಗೂ ಕಾಣಲ್ಲ, ತನ್ನ ಪಾಡಿಗೆ ತಾನು."

"ಇದಕ್ಕೆ ಯಾರಾದ್ರೂ ಭೇಷ್ ಅಂತಾರಾ?"

"ಯಾರು ಅನ್ನಬೇಕು?" ಎಂದು ಅವನು ನಿಜಕ್ಕೂ ಆಶ್ಚರ್ಯಪಟ್ಟು ಕೇಳಿದ್ದ.

ಅವಳಿಗೆ ಮೈ ಉರಿದುಹೋಗಿತ್ತು. ನೀನೂ ನಿನ್ನ ಬಾವಿಯೂ ಹಾಳಾಗಿಹೋಗಿ ಎಂದು ಬೈದು, ಬಟ್ಟೆಯ ಗಂಟು ಎತ್ತಿಕೊಂಡು ಬಂದುಬಿಟ್ಟಿದ್ದಳು.

*

ಹನ್ನೆರಡೂಮುಕ್ಕಾಲು ಆಗಿರಬೇಕು. ಎರಡನೆಯ ಟ್ಯಾಂಕರಿನ ಕೊನೆಯ ನೀರು ಇಳಿಯುತ್ತಿತ್ತು. ಕೆಳಗಿನ ಗೇಟಿನ ಕಡೆಯಿಂದ ಗದ್ದಲ ಕೇಳಿಸಿತು.

ಕೆಳಬೀದಿಯ ಹೆಂಗಸರು, ಏಳೆಂಟು ಜನ, ಗುಡ್ಡ ಹತ್ತಿ ಬರುತ್ತಿದ್ದರು. ಎಲ್ಲರ ಕೈಯಲ್ಲೂ ಕೊಡ, ಬಕೆಟ್ಟು. ಎಲ್ಲರಿಗಿಂತ ಮುಂದೆ ಬಟ್ಟೆ ಒಗೆಯುವ ಕೆಲಸದ ದಪ್ಪ ಹೆಂಗಸು, ಬಿಸಿಲಿಗೆ ಏದುಸಿರು ಬಿಡುತ್ತ. ಸಾವಿಗೆ ಬಂದವರಲ್ಲ ಎನ್ನುವುದು ನಡಿಗೆಯಲ್ಲೇ ಗೊತ್ತಾಗುತ್ತಿತ್ತು.

"ನೀರಿನ ಆಫೀಸಿಗೆ ಹೋದ್ರೆ ಬೀಗ! ಎಲ್ಲರೂ ಇಲ್ಲಿದ್ದೀರಂತೆ!" ಎಂದು ಕೂಗುತ್ತಲೇ ಬಂದಳು. "ಏನು ಸ್ವಾಮಿ ಇದು? ಅರ್ಧ ಗಂಟೆಯಿಂದ ಒರತೆಯಲ್ಲಿ ಇದು ಬರ್ತಾ ಇದೆ. ಕುಡಿಯೋದಾ, ಗೋಡೆಗೆ ಬಳಿಯೋದಾ?"

ಕೊಡವನ್ನು ಸಾಹೇಬರ ಕಾಲ ಬಳಿ ಕುಕ್ಕಿದಳು. ನೀರು ತುಳುಕಿ ಅವರ ಬೂಟಿನ ಮೇಲೆ ಚೆಲ್ಲಿತು. ಬೂದಿಬಣ್ಣದ, ಹಾಲಿನಷ್ಟು ಮಂದವಾದ ನೀರು. ಗಾರೆಯವನು ಬಗ್ಗಿ ಬೆರಳದ್ದಿ, ಹೆಬ್ಬೆರಳಿಗೆ ಉಜ್ಜಿ ನೋಡಿದ.

"ನಮ್ಮ ಸಿಮೆಂಟೇ," ಎಂದ.

ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಕೊಡ, ಬಕೆಟ್ಟುಗಳನ್ನು ಅದರ ಪಕ್ಕದಲ್ಲಿ ಇಳಿಸಿದರು. ಎಲ್ಲದರಲ್ಲೂ ಅದೇ ಬೂದಿ ನೀರು.

ಗುದ್ದಲಿ, ಮರದ ನೆರಳು ನೋಡಿ, ಹೊತ್ತನ್ನು ಲೆಕ್ಕ ಹಾಕಿದ. "ಹತ್ತು ಗಂಟೆ ಹೊತ್ತಿಗೆ ಸುರಿಯೋಕೆ ಶುರು ಮಾಡಿದ್ವಿ. ಈ ಅರ್ಧ ಗಂಟೆ ಕಳೆದ್ರೆ ಎರಡೂಕಾಲು ಗಂಟೆ. ಟೇಪು ಸಾರ್ ಮೂರು ಗಂಟೆ ಅಂದಿದ್ರಲ್ವಾ?"

"ಟ್ಯಾಂಕರಿನ ಒತ್ತಡ ಇತ್ತಲ್ಲ," ಎಂದುಬಿಟ್ಟ ಗುಮಾಸ್ತ. ತಾನು ಏನು ಒಪ್ಪಿಕೊಂಡೆ ಎಂದು ಆಮೇಲೆ ಹೊಳೆದು ಫೈಲಿನಿಂದ ಮುಖ ಮುಚ್ಚಿಕೊಂಡ.

ಹಿಂದಿನ ಸಾಲಿನಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಅವನನ್ನು ನೋಡಿ ಇನ್ನೊಬ್ಬ. ಈಗ ಸಾಹೇಬರನ್ನು ನೋಡಿ ನಗುವುದು ಸಲೀಸಾಗಿತ್ತು. ದರ್ಜಿ ಅಕ್ಕ ಎದ್ದು ನಿಂತಳು.

"ನಗಬೇಡಿ!" ಅವಳ ದನಿ ಒಡೆಯಿತು. "ಯಾರಾದ್ರೂ ನಕ್ಕರೆ ನೋಡಿ! ಆವತ್ತು ಹೊಟ್ಟೆ ತುಂಬ ನಕ್ಕಿದ್ದೀವಿ, ಸಾಲದಾ? ನಾನೂ ನಕ್ಕಿದ್ದೀನಿ. ಒಡಹುಟ್ಟಿದವಳು ನಾನೇ ನಕ್ಕೆ!"

ನಗು ಅಲ್ಲೇ ಸತ್ತಿತು. ಸಾಹೇಬರು ಗಂಟಲು ಸರಿಮಾಡಿಕೊಂಡರು. "ತಾಂತ್ರಿಕವಾಗಿ ಇದನ್ನ ಪರಿಶೀಲಿಸೋಣ. ಒಂದು ಸಮಿತಿ ಮಾಡಿ... ಸದ್ಯಕ್ಕೆ ಕಾರ್ಯಕ್ರಮ ಮುಂದುವರಿಸೋಣ. ಭಾಷಣ ಆದ ಮೇಲೆ..."

"ಕೆಳಗೆ ತಗೊಂಡು ಹೋಗಿ," ಎಂದಿತು ಒಂದು ಸಣ್ಣ ದನಿ.

ತಮ್ಮನ ಹೆಂಡತಿ ಪೆಟ್ಟಿಗೆಯ ಒಂದು ಹಿಡಿಕೆಗೆ ತಾನೇ ಕೈ ಹಾಕಿದ್ದಳು. ಅದನ್ನು ಎತ್ತುವ ಶಕ್ತಿ ಅವಳಿಗೆಲ್ಲಿ? ಆದರೂ ಬಿಡಲಿಲ್ಲ. "ಅವರು ಕೇಳಿದ ಜಾಗಕ್ಕೆ ತಗೊಂಡು ಹೋಗಿ. ಗೋಡೆ ಪಕ್ಕಕ್ಕೆ. ನಿಮ್ಮ ಕಲ್ಲೂ ಬೇಡ, ನಿಮ್ಮ ಗೌರವಾನೂ ಬೇಡ. ಆ ಕೋಟಿನ ಗುಂಡಿ ಬೇಕಾದ್ರೆ ಕಿತ್ಕೊಳ್ಳಿ."

ದರ್ಜಿ ಅಕ್ಕ ಅವಳನ್ನೇ ನೋಡಿದಳು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಈ ಹೆಂಗಸಿನ ಮೇಲೆ ಅವಳಿಗೆ ಅಭಿಮಾನ ಉಕ್ಕಿತು. ಹೋಗಿ ಇನ್ನೊಂದು ಹಿಡಿಕೆಗೆ ಕೈ ಹಾಕಿದಳು. ಗುದ್ದಲಿ ಬಂದ, ಗಾರೆಯವರು ಬಂದರು, ಬಟ್ಟೆ ಒಗೆಯುವ ಹೆಂಗಸು ಬಂದು ಹೆಗಲು ಕೊಟ್ಟಳು. ಪೆಟ್ಟಿಗೆ ಎದ್ದಿತು. ಜನ ಕುರ್ಚಿ ಬಿಟ್ಟು, ಸಾಹೇಬರ ಕಡೆ ನೋಡದೆ, ಅದರ ಹಿಂದೆ ಇಳಿದರು.

ಗೋಡೆ ಪಕ್ಕದ ಮಣ್ಣಿಗೆ ಹಾರೆ ಹಾಕಿದಾಗ ಸದ್ದೇ ಬರಲಿಲ್ಲ, ಅಷ್ಟು ಮೆತ್ತಗಿತ್ತು. ಒಂದಾಳು ಆಳ ಇಳಿದರೂ ಕಲ್ಲು ಸಿಗಲಿಲ್ಲ. ಮೇಲಿನ ಪದರ ಒಣಗಿ ಪುಡಿಯಾಗಿದ್ದರೂ ಎದೆಮಟ್ಟದ ಕೆಳಗೆ ಮಣ್ಣು ತೇವವಾಗಿ, ಕಡುಗೆಂಪಾಗಿ, ಕೈಯಲ್ಲಿ ಹಿಡಿದರೆ ಉಂಡೆಯಾಗುತ್ತಿತ್ತು. ಹೋದ ಮಳೆಗಾಲದ್ದು, ಎಂದ ಗುದ್ದಲಿ, ಇನ್ನೂ ಇಟ್ಟುಕೊಂಡಿದೆ ನೋಡಿ.

ಹಗ್ಗ ಬಿಟ್ಟು ಪೆಟ್ಟಿಗೆ ಇಳಿಸಿದರು. ಭಾಷಣವಿರಲಿಲ್ಲ. ದರ್ಜಿ ಅಕ್ಕ ಒಂದು ಹಿಡಿ ಒದ್ದೆ ಮಣ್ಣು ಹಾಕಿ, "ತಪ್ಪಾಯ್ತು ಕಣೋ," ಎಂದಳು. ಇನ್ನೂ ಏನೇನೋ ಹೇಳಬೇಕಿತ್ತು. ತಮ್ಮನ ಹೆಂಡತಿ ಅವಳ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡಳು. ದರ್ಜಿ ಅಕ್ಕ ಬಿಡಿಸಿಕೊಳ್ಳಲಿಲ್ಲ.

ಗುಂಡಿ ಮುಚ್ಚುತ್ತಿರುವಾಗ ಕಣ್ಣೊರೆಸಿಕೊಂಡು ತಲೆ ಎತ್ತಿದಳು. ಗುಡ್ಡದ ಮೇಲೆ ಖಾಲಿ ಕುರ್ಚಿಗಳು ಬಿಸಿಲಲ್ಲಿ ನಿಂತಿದ್ದವು. ಅವುಗಳ ನಡುವೆ ದೊಡ್ಡ ಸಾಹೇಬರು ಒಬ್ಬರೇ ಇದ್ದರು. ಅವರು ಆ ಕಡೆ ಈ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸಾಲಾಗಿದ್ದ ಕೊಡಗಳಲ್ಲಿ ಒಂದನ್ನು ಎತ್ತಿ ಗುಂಡಿಗೆ ಸುರಿದರು. ಆಮೇಲೆ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಮೊಣಕಾಲೂರಿ, ಎರಡೂ ಕೈ ಅಂಚಿಗೆ ಕೊಟ್ಟು, ತಲೆಯನ್ನು ಗುಂಡಿಯೊಳಕ್ಕೆ ಬಗ್ಗಿಸಿ ಕಿವಿಗೊಟ್ಟರು. ಕಪ್ಪು ಟೈ ಒಳಗೆ ಜೋತಾಡುತ್ತಿತ್ತು. ಅವರು ಬಹಳ ಹೊತ್ತು ತಲೆ ಎತ್ತಲಿಲ್ಲ.